ಕಲಿತದ್ದು ಲೆಕ್ಕಕ್ಕೆ ಬರಲಿ: ಒಂದು ವರ್ಷ ಉಳಿಸುವ ದಾರಿಗಳು

ಗುಬ್ಬಿ ತಾಲೂಕಿನ ಚೇಳೂರು ಎಂದರೆ ಹಲಸು. ಕೆಂಪು ತೊಳೆಯ 'ಸಿದ್ದು' ಹಲಸು ಈ ಊರಿನದ್ದೇ. ಬೀಜದಿಂದ ಬೆಳೆಸಿದ ಗಿಡ ಕಾಯಿ ಬಿಡಲು ಬಹಳ ವರ್ಷ ಕಾಯಬೇಕು, ಕಸಿ ಗಿಡ ಬೇಗ ಫಲ ಕೊಡುತ್ತದೆ ಅಂತ ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳ ಓದಿನ ವಿಷಯ ಬಂದಾಗ ನಮ್ಮಲ್ಲಿ ಅನೇಕರು ಮತ್ತೆ ಬೀಜದಿಂದಲೇ ಶುರು ಮಾಡುತ್ತಾರೆ.

ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳು 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಎಂಬ ಪರೀಕ್ಷೆ ಬರೆಯುತ್ತಾರೆ. ಅಂಕ 1ರಿಂದ 5ರವರೆಗೆ. ಒಳ್ಳೆಯ ಅಂಕ ಬಂದರೆ ಅನೇಕ ವಿಶ್ವವಿದ್ಯಾನಿಲಯಗಳು ಆ ವಿಷಯವನ್ನು ಮತ್ತೆ ಓದಿಸದೆ ಕ್ರೆಡಿಟ್ ಕೊಡುತ್ತವೆ. ನಮ್ಮಲ್ಲಿ ಹಾಗಿಲ್ಲ. ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದರೂ ಡಿಗ್ರಿಯ ಮೊದಲ ಸೆಮಿಸ್ಟರ್ ತಪ್ಪುವುದಿಲ್ಲ. ಆದರೂ ನಮ್ಮಲ್ಲಿ ಬೇರೆ ಬಾಗಿಲುಗಳಿವೆ.

ಮೊದಲನೆಯದು ಡಿಪ್ಲೊಮಾ. ಎಸೆಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಕೆಇಎ ನಡೆಸುವ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಲೆಕ್ಕ ಹಾಕಿ ನೋಡಿ: ಪಿಯುಸಿ ದಾರಿಯಲ್ಲಿ ಎರಡು ಕೂಡಿಸು ನಾಲ್ಕು, ಒಟ್ಟು ಆರು ವರ್ಷ. ಈ ದಾರಿಯಲ್ಲಿ ಮೂರು ಕೂಡಿಸು ಮೂರು, ಅದೂ ಆರೇ. ಆದರೆ ನಡುವೆ ಓದು ನಿಲ್ಲಿಸಬೇಕಾಗಿ ಬಂದರೆ ಕೈಯಲ್ಲಿ ಕೆಲಸ ಸಿಗುವ ಒಂದು ಸರ್ಟಿಫಿಕೇಟ್ ಇರುತ್ತದೆ. ಬಡ ಮನೆಗೆ ಅದೇ ದೊಡ್ಡ ಲಾಭ.

ಎರಡನೆಯದು ಬಹಳ ಮಂದಿಗೆ ಗೊತ್ತೇ ಇಲ್ಲ. ಪಿಯುಸಿ ಸೈನ್ಸ್ ಅಥವಾ ಎರಡು ವರ್ಷದ ಐಟಿಐ ಪಾಸಾದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು. ಸೈನ್ಸ್ ಪಾಸಾಗಿಯೂ ಎಸೆಸೆಲ್ಸಿ ಮುಗಿಸಿದ ಮಕ್ಕಳ ಜೊತೆ ಮೊದಲ ವರ್ಷಕ್ಕೆ ಸೇರಿದ ಹುಡುಗರನ್ನು ನಾನು ಕಂಡಿದ್ದೇನೆ. ಕೇಳಿದರೆ, "ಯಾರೂ ಹೇಳಲಿಲ್ಲ ಉಸ್ತಾದ್" ಅಂತಾರೆ. ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು, ಒಂದು ವರ್ಷದ ದುಡಿಮೆ, ಎಲ್ಲ ಹೋಯಿತು.

ಆದರೆ ನೇರ ಎರಡನೇ ವರ್ಷಕ್ಕೆ ಹೋಗುವುದು ಸುಲಭ ಅಂತ ತಿಳಿಯಬೇಡಿ. ಗಣಿತದಲ್ಲೇ ಹೆಚ್ಚಿನವರು ಎಡವುತ್ತಾರೆ. ವಿಟಿಯುನ 2018ರ ಸ್ಕೀಮ್‌ನಲ್ಲಿ ಹೀಗೆ ಬಂದವರಿಗೆ ಹೆಚ್ಚುವರಿ ಗಣಿತದ ಪೇಪರ್‌ಗಳನ್ನೇ ಇಟ್ಟಿದ್ದರು. ಸೇರುವ ಮುಂಚಿನ ರಜೆಯಲ್ಲಿ ಗಣಿತ ಓದಿಕೊಂಡವನು ಗೆದ್ದ.

ಪಿಯುಸಿ ಫೇಲಾದವರಿಗೂ ದಾರಿ ಇದೆ. ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಸೇರಿದರೆ, ಹಿಂದೆ ಪಾಸಾದ ವಿಷಯಗಳಲ್ಲಿ ಎರಡರವರೆಗೆ ಅಂಕಗಳನ್ನು ವರ್ಗಾಯಿಸಿಕೊಳ್ಳಬಹುದು. ಉಳಿದ ವಿಷಯ ಮಾತ್ರ ಬರೆದರಾಯಿತು.

ಮದುವೆಯಾಗಿ ಡಿಗ್ರಿ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಯುಜಿಸಿ 2021ರಲ್ಲಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಶುರು ಮಾಡಿತು. ಪಾಸಾದ ಸೆಮಿಸ್ಟರ್‌ಗಳ ಕ್ರೆಡಿಟ್ ಆ ಖಾತೆಯಲ್ಲಿ ಏಳು ವರ್ಷದವರೆಗೆ ಇರುತ್ತದೆ. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು. ಆದರೆ ಕ್ರೆಡಿಟ್ ಇದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ, ಸೇರುವ ವಿಶ್ವವಿದ್ಯಾನಿಲಯ ಒಪ್ಪಬೇಕು. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆ, ಸಿಲೆಬಸ್ ಬದಲಾಗಿದೆ. ಆದ್ದರಿಂದ ಮರಳಿ ಸೇರುವವರು ತುಮಕೂರು ವಿವಿಯಾಗಲಿ ಮಂಗಳೂರು ವಿವಿಯಾಗಲಿ, ಕಚೇರಿಗೇ ಹೋಗಿ ಕೇಳುವುದು ಒಳ್ಳೆಯದು.

ಇನ್ನು ನಮ್ಮ ದರ್ಸ್, ಅರಬಿಕ್ ಕಾಲೇಜಿನ ಮಕ್ಕಳು. ಇವರ ಓದಿಗೆ ಬೆಲೆಯೇ ಇಲ್ಲ ಎನ್ನುವವರಿದ್ದಾರೆ. ಆಲಿಘರ್ ಮುಸ್ಲಿಂ ವಿವಿ 2013ರಲ್ಲಿ ಮದ್ರಸ ಪದವೀಧರರಿಗಾಗಿಯೇ ಒಂದು ವರ್ಷದ ಬ್ರಿಡ್ಜ್ ಕೋರ್ಸ್ ಆರಂಭಿಸಿತು. ಹೈದರಾಬಾದಿನ ಮೌಲಾನಾ ಆಝಾದ್ ಉರ್ದು ವಿವಿಯೂ ಕೆಲವು ಸನದುಗಳನ್ನು ಒಪ್ಪುತ್ತದೆ. ಎಲ್ಲ ಸಂಸ್ಥೆಗಳ ಸನದು ಅಲ್ಲ, ಮಾನ್ಯತೆಯ ಪಟ್ಟಿಯಲ್ಲಿ ಇರುವುದು ಮಾತ್ರ. ಮಗನನ್ನು ಸೇರಿಸುವ ಮೊದಲೇ ಆ ಪಟ್ಟಿ ನೋಡಿ, ಏಳು ವರ್ಷ ಓದಿಸಿದ ಮೇಲಲ್ಲ.

ಪೋಷಕರೇ, ಫೀಸು ಕಟ್ಟುವ ಮುಂಚೆ ಮೂರು ಮಾತು ಕೇಳಿ: ಇವನು ಈಗಾಗಲೇ ಓದಿದ್ದಕ್ಕೆ ಇಲ್ಲಿ ರಿಯಾಯಿತಿ ಇದೆಯಾ? ಯಾವ ವರ್ಷಕ್ಕೆ ಸೇರಬಹುದು? ಬಿಟ್ಟುಹೋದ ಪಾಠ ಯಾವುದು? ಉತ್ತರವನ್ನು ಬಾಯಿಮಾತಿನಲ್ಲಿ ನಂಬದೆ ಬರಹದಲ್ಲಿ ತೆಗೆದುಕೊಳ್ಳಿ. ಜಮಾಅತಿನಲ್ಲಿ ಓದಿದ ಒಬ್ಬ ಯುವಕ ಫಲಿತಾಂಶ ಬರುವ ತಿಂಗಳಲ್ಲಿ ವಾರಕ್ಕೆ ಎರಡು ಗಂಟೆ ಇದಕ್ಕಾಗಿ ಕೂತರೆ, ಎಷ್ಟೋ ಮಕ್ಕಳ ಒಂದೊಂದು ವರ್ಷ ಉಳಿದೀತು.