ಹಂಪಿಯ ಗುಂಡುಗಳು ದುಂಡಾದದ್ದು ನೆಲದೊಳಗೆ

ಹೊಸಪೇಟೆ ದಾಟಿ ಹಂಪಿಯತ್ತ ಹೊರಟರೆ ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳ ಗುಡ್ಡಗಳು ಶುರುವಾಗುತ್ತವೆ. ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಬಂಡೆಗಳಿವು ಎಂಬ ಕಥೆಯಿದೆ. ಭೂಕಂಪ ಉರುಳಿಸಿತು, ಹೊಳೆ ತಂದು ಹಾಕಿತು ಎನ್ನುವವರೂ ಸಿಗುತ್ತಾರೆ. ಆದರೆ ಇವನ್ನು ಯಾರೂ, ಯಾವುದೂ ತಂದು ಪೇರಿಸಿದ್ದಲ್ಲ. ಬಹುಪಾಲು ಗುಂಡುಗಳು ಹುಟ್ಟಿದಲ್ಲೇ ಕೂತಿವೆ. ಸುತ್ತ ಇದ್ದದ್ದು ಹೋಗಿದೆ, ಅಷ್ಟೇ.

ಇಲ್ಲಿನ ಕಲ್ಲು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ, ಕಿಲೋಮೀಟರುಗಟ್ಟಲೆ ಆಳದಲ್ಲಿ ಶಿಲಾಪಾಕ ನಿಧಾನಕ್ಕೆ ಆರಿ ಗಟ್ಟಿಯಾದದ್ದು. ತಣಿಯುವಾಗಲೂ ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಾಗಲೂ ಅದರಲ್ಲಿ ಉದ್ದುದ್ದ ಬಿರುಕು ಬಿದ್ದವು. ಮೇಲಿನ ಪದರಗಳು ಸವೆದು ಭಾರ ಇಳಿದಂತೆ ಕಲ್ಲು ಹಿಗ್ಗಿ ಅಡ್ಡಡ್ಡವಾಗಿಯೂ ಸೀಳಿತು. ಹೀಗೆ ನೆಲದಡಿಯ ಒಂದೇ ಬಂಡೆ ಚೌಕ ಚೌಕ ತುಂಡುಗಳಾಗಿ, ಆದರೆ ಕದಲದೆ ನಿಂತಿತು.

ಇನ್ನು ನೀರಿನ ಕೆಲಸ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಿರುಕಿನೊಳಗಿಳಿದು ಗ್ರಾನೈಟಿನ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಜೇಡಿಯಾಗಿಸುತ್ತದೆ. ಕಪ್ಪು ಕಾಗೆಬಂಗಾರ ತುಕ್ಕು ಹಿಡಿಯುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ. ಆದರೆ ಪಕ್ಕದವು ಸಡಿಲಾದ ಮೇಲೆ ಅದೂ ಮರಳಾಗಿ ಉದುರುತ್ತದೆ. ತುಂಡಿನ ಮುಖಕ್ಕೆ ಒಂದು ಕಡೆಯಿಂದ ನೀರು ತಾಗಿದರೆ ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ ತಾಗುತ್ತದೆ. ಬಾಯಲ್ಲಿಟ್ಟ ಬೆಲ್ಲದ ಚೂರಿನಂತೆ ಮೊದಲು ಹೋಗುವುದು ಮೂಲೆಯೇ. ನಡುವಿನ ಗಟ್ಟಿ ತಿರುಳು ದುಂಡಾಗಿ ಉಳಿಯುತ್ತದೆ, ಸುತ್ತಲಿನದು ಗರಸಾಗುತ್ತದೆ. ಗ್ರಾನೈಟ್ ಸೀಮೆಯಲ್ಲಿ ಬಾವಿ ತೋಡುವವರಿಗೆ ಇದು ಹೊಸದಲ್ಲ: ಪುಡಿಪುಡಿ ಗರಸಿನ ನಡುವೆ ಇದ್ದಕ್ಕಿದ್ದಂತೆ ಗುಂಡು ಸಿಕ್ಕಿ ಹಾರೆ ಠಣ್ ಎನ್ನುತ್ತದೆ.

ಇಷ್ಟೂ ಶಿಥಿಲೀಕರಣ. ಕಲ್ಲು ಕೊಳೆತಿದೆ, ಜಾಗ ಬಿಟ್ಟಿಲ್ಲ. ಆ ಗರಸನ್ನು ಮಳೆ ತೊಳೆದು ಹಳ್ಳಕ್ಕೆ, ಹಳ್ಳದಿಂದ ತುಂಗಭದ್ರೆಗೆ ಸಾಗಿಸುವುದು ಸವೆತ. ಗರಸು ಹೋದ ಮೇಲೆ ಗುಂಡುಗಳು ಇದ್ದಲ್ಲೇ ತುಸು ಕುಸಿದು, ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಹೊರಗೆ ಬಂದ ಮೇಲೆ ಅವುಗಳ ಆಯುಸ್ಸು ಹೆಚ್ಚುತ್ತದೆ ಎಂಬುದೇ ಸೋಜಿಗ. ಮಣ್ಣಿನೊಳಗೆ ತೇವ ಆರುವುದಿಲ್ಲ, ಕಲ್ಲು ಕೊಳೆಯುತ್ತಲೇ ಇರುತ್ತದೆ. ಹಂಪಿಯ ಬಿಸಿಲಿನಲ್ಲಿ ಬೋಳು ಬಂಡೆಯ ಮೇಲೆ ಬಿದ್ದ ಮಳೆ ಜಾರಿ, ಆರಿ ಹೋಗುತ್ತದೆ. ಆಗಾಗ ಸಿಪ್ಪೆ ಎದ್ದು ಚಕ್ಕೆ ಕಳಚುವುದುಂಟು, ಅದು ನಿಧಾನದ ಬಾಬ್ತು.

ಹೇಮಕೂಟಕ್ಕೋ ಮಾತಂಗ ಬೆಟ್ಟಕ್ಕೋ ಹೋದಾಗ ಗುಂಡುಗಳ ನಡುವಿನ ಸಂದುಗಳನ್ನು ನೋಡಿ. ಪಕ್ಕಪಕ್ಕದ ಗುಂಡುಗಳ ಸಂದುಗಳು ಒಂದೇ ಗೆರೆಯಲ್ಲಿ ಸಾಗುವುದು ಕಂಡರೆ, ಹಳೆಯ ಬಿರುಕು ಅದೇ. ಅಲ್ಲಲ್ಲಿ ಬಂಡೆಯ ಮೇಲೆ ಸಾಲಾಗಿ ಕೊರೆದ ಗುಳಿಗಳೂ ಕಾಣುತ್ತವೆ. ಅವು ಪ್ರಕೃತಿಯದಲ್ಲ, ವಿಜಯನಗರದ ಕಲ್ಲುಕುಟಿಗರು ಬೆಣೆ ಬಡಿಯಲು ತೋಡಿದವು. ಗುಡಿಗಳ ಕಂಬಕ್ಕೂ ಕೋಟೆಯ ಗೋಡೆಗೂ ಬಹುಪಾಲು ಕಲ್ಲು ಬಂದದ್ದು ಇಲ್ಲಿಂದಲೇ.

ಗರಸು ಹೊಳೆ ಸೇರುವ ಕೆಲಸ ನಿಂತಿಲ್ಲ. ಹಂಪಿಯ ಗರಸು ಅಲ್ಲಿಗೆ ಹೋಗದಿದ್ದರೂ, ಹೊಳೆಯಲ್ಲಿ ಹಂಪಿಗಿಂತ ಮೇಲಿರುವ ತುಂಗಭದ್ರಾ ಅಣೆಕಟ್ಟಿನಲ್ಲಿ ಇಂಥ ಸವೆತದ ಲೆಕ್ಕ ಸಿಗುತ್ತದೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ ಹೂಳಿನಲ್ಲಿ ಹೊಲಗಳ ಮೇಲ್ಮಣ್ಣಿನ ಪಾಲೂ ಇದೆ, ಅದಕ್ಕೆ ಬಂಡೆಯನ್ನು ದೂರುವಂತಿಲ್ಲ.