ಪಕ್ಕದ ಮನೆ ಫ್ರಿಜ್ಜಿನ ಪೆನ್ನು

ವೀಕ್ಷಕರೇ, ಗಿರಿನಗರದ ನಮ್ಮ ಚಿಕ್ಕಮ್ಮ ಮೊನ್ನೆ ಬುಲೆಟಿನ್ ಮುಗೀತಿದ್ದಂಗೆ ಫೋನ್ ಮಾಡಿದ್ರು. "ಲೋ, ವಾಕಿಂಗ್‌ಗೆ ಬರೋ ಒಬ್ರು ಮೌಂಜಾರೊ ತಗೊಂಡು ಸಣ್ಣ ಆಗಿದ್ದಾರೆ ಕಣೋ. ಅವರ 5 ಮಿಲಿಗ್ರಾಂ ಪೆನ್ನಲ್ಲಿ ಇನ್ನೂ ಎರಡು ಡೋಸ್ ಇದೆಯಂತೆ, ಕೊಡ್ತೀನಿ ಅಂದ್ರು. ಹಾಕ್ಕೊಳ್ಲಾ?"

ಚಿಕ್ಕಮ್ಮನಿಗೆ ಶುಗರ್ ಇದೆ. ಗ್ಲಿಮೆಪಿರೈಡ್ ಮಾತ್ರೆ ತಗೋತಾರೆ.

ನಾನು ಓದಿದ್ದು ಎಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಆದರೂ ಆ ಒಂದೇ ಪ್ರಶ್ನೆಯಲ್ಲಿ ಮೂರು ಅಪಾಯ ಕಂಡವು. ಸೂಜಿ ಬದಲಾಯಿಸಿದರೂ ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸುವಂತಿಲ್ಲ, ಸೋಂಕು ದಾಟಬಹುದು. ಇನ್ನು ಡೋಸ್. ಮೌಂಜಾರೊ ಶುರುವಾಗೋದು ವಾರಕ್ಕೊಮ್ಮೆ 2.5 ಮಿಲಿಗ್ರಾಂನಿಂದ, 5 ಬರೋದು ನಾಲ್ಕು ವಾರದ ನಂತರ. ಯಾಕೆ ಇಷ್ಟು ನಿಧಾನ? ಈ ಮದ್ದು ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತೆ, ಹಸಿವನ್ನೂ ಕುಗ್ಗಿಸುತ್ತೆ. ದೇಹಕ್ಕೆ ಒಗ್ಗಲು ಟೈಮ್ ಬೇಕು. ಒಮ್ಮೆಲೇ ಜಾಸ್ತಿ ಹಾಕಿದರೆ ವಾಕರಿಕೆ, ವಾಂತಿ, ಭೇದಿ ಹೆಚ್ಚಾಗಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ಏಟು ಬೀಳೋದು ಕಿಡ್ನಿಗೆ. ಮೂರನೆಯದು ಆ ಶುಗರ್ ಮಾತ್ರೆ. ಎರಡೂ ಸೇರಿದರೆ ಸಕ್ಕರೆ ಅಂಶ ತೀರಾ ಕೆಳಗಿಳಿಯಬಹುದು: ಬೆವರು, ನಡುಕ, ತಲೆಸುತ್ತು. ಮಾತ್ರೆಯ ಪ್ರಮಾಣವನ್ನು ಡಾಕ್ಟರೇ ತಗ್ಗಿಸಬೇಕಾಗುತ್ತೆ.

ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು, ವೆಗೋವಿ ಅದೇ ಜೂನ್‌ನಲ್ಲಿ. ಎರಡಕ್ಕೂ ಡಾಕ್ಟರ್ ಚೀಟಿ ಬೇಕು. ಔಷಧಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಬೊಜ್ಜು ಕಾಯಿಲೆಯೇ. ಆದರೆ ಎರಡು ತಿಂಗಳಲ್ಲಿ ಮದುವೆ ಇದೆ, ಹಳೇ ಬ್ಲೌಸ್ ಹಿಡಿಸಬೇಕು ಅನ್ನೋರಿಗೆ ಮಾಡಿದ್ದಲ್ಲ ಇದು. ನಿಲ್ಲಿಸಿದರೆ ಇಳಿದ ತೂಕದಲ್ಲಿ ಸಾಕಷ್ಟು ವಾಪಸ್ ಬರುತ್ತೆ.

ತಮಗಾಗಲೀ ಮನೆಯವರಿಗಾಗಲೀ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದರೆ ಇದನ್ನು ತಗೊಳ್ಳೋ ಹಾಗಿಲ್ಲ. (ಮಾಮೂಲಿ ಥೈರಾಯ್ಡ್ ಮಾತ್ರೆ ನುಂಗೋರು ಗಾಬರಿಯಾಗಬೇಡಿ, ಅದೇ ಬೇರೆ.) ಗರ್ಭಿಣಿಯರಿಗೂ ಬೇಡ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಮೌಂಜಾರೊ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೇ ಕುಗ್ಗಿಸಬಹುದು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಿ. ಉಪವಾಸ ಇದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು.

ಹೊಟ್ಟೆ ಮೇಲ್ಭಾಗದಲ್ಲಿ ಬಿಡದ ನೋವು, ಬೆನ್ನಿಗೂ ಹರಡ್ತಿದೆ, ಜೊತೆಗೆ ವಾಂತಿ ಅಂದರೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿದು ಮಲಗಬೇಡಿ. ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು. ಇಂಜೆಕ್ಷನ್ ನಿಲ್ಲಿಸಿ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ.

ಚಿಕ್ಕಮ್ಮ ಡಾಕ್ಟರ್ ಹತ್ರ ಹೋಗಿದ್ರು. ಪಿತ್ತಕೋಶದಲ್ಲಿ ಕಲ್ಲು ಇತ್ತಾ ಅಂತ ಕೇಳಿದರಂತೆ. ಇತ್ತು. ಈಗ ಸ್ಕ್ಯಾನ್‌ಗೆ ಬರೆದುಕೊಟ್ಟಿದ್ದಾರೆ.