ರಕ್ತದಲ್ಲಿನ ಮುನ್ಸೂಚನೆ

ಹೃದಯಾಘಾತದಿಂದ ಪಾರಾದ ರೋಗಿಯ ಮುಂದಿನ ದಿನಗಳು ಹೇಗಿದ್ದಾವು? ಬಂಧುಗಳ ಈ ಪ್ರಶ್ನೆಗೆ ರಕ್ತವೂ ಕೊಂಚ ಉತ್ತರ ಹೇಳಬಲ್ಲುದು. ರಕ್ತ ದೊರೆಯದೆ ಸತ್ತ ಹೃದಯಸ್ನಾಯುವನ್ನು ತೆರವುಗೊಳಿಸಲು ದೇಹದಲ್ಲಿ ಉರಿಯೂತ ಆರಂಭವಾಗುತ್ತದೆ. ಮೊದಲು ಧಾವಿಸುವವು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು. ಇತ್ತ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚಾಗಿ ತಯಾರಿಸತೊಡಗುತ್ತದೆ. 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ! ಆಘಾತವಾದ ಎರಡು ಮೂರು ದಿನಗಳಲ್ಲಿ ಇದರ ಪ್ರಮಾಣ ತುತ್ತತುದಿಗೇರುತ್ತದೆ. ಆ ಏರಿಕೆ ಹೆಚ್ಚಿದಷ್ಟೂ ಹೃದಯವೈಫಲ್ಯದ ಭಯವೂ ಹೆಚ್ಚು. ನ್ಯೂಟ್ರೋಫಿಲ್‌ಗಳು ಹೆಚ್ಚಿ ಲಿಂಫೋಸೈಟ್‌ಗಳು ಕುಗ್ಗುವುದೂ ಶುಭಲಕ್ಷಣವಲ್ಲ. ಈ ಎಣಿಕೆಗೆ ದುಬಾರಿ ಪರೀಕ್ಷೆ ಬೇಡ; ಬೆಂಗಳೂರಿನ ಬಾಪೂಜಿನಗರದಂತಹ ಬಡಾವಣೆಯ ಸಣ್ಣ ಪ್ರಯೋಗಾಲಯವೂ ಮಾಡಬಲ್ಲ ಸಾಮಾನ್ಯ ರಕ್ತಪರೀಕ್ಷೆಯೇ ಸಾಕು. ಆದರೆ ಸೋಂಕಿನಿಂದಲೂ ಇವು ಏರುವುದುಂಟು. ಆದುದರಿಂದ ವೈದ್ಯರು ಇ.ಸಿ.ಜಿ., ಟ್ರೊಪೊನಿನ್ ಮೊದಲಾದ ಪರೀಕ್ಷೆಗಳೊಡನೆ ಹೋಲಿಸಿಯೇ ತೀರ್ಮಾನಕ್ಕೆ ಬರುತ್ತಾರೆ.